ಹೊಗೆನಳಿಗೆಯ ಕವಾಟ ಮತ್ತು ಅದನ್ನು ಅನುಕರಿಸುವ ಪುಟ್ಟ ಮಂಡಲ

ಸಾವಿರ ಸಿಸಿಯ ಆಸುಪಾಸಿನ ಅನೇಕ ಮೋಟಾರ್‌ಸೈಕಲ್‌ಗಳಲ್ಲಿ, ಎಂಜಿನ್ನಿನಿಂದ ಇಳಿದುಬರುವ ನಾಲ್ಕು ಹೊಗೆನಳಿಗೆಗಳು ಒಂದುಗೂಡುವ ಜಾಗದ ಸಮೀಪದಲ್ಲಿ, ಅಕ್ಷದ ಮೇಲೆ ತಿರುಗುವ ಒಂದು ಲೋಹದ ಬಿಲ್ಲೆ, ಅಂದರೆ ಕವಾಟ, ಇರುತ್ತದೆ. ಸೀಟಿನ ಅಥವಾ ಟ್ಯಾಂಕಿನ ಕೆಳಗಿರುವ ಸರ್ವೋ ಮೋಟಾರ್, ಅಂದರೆ ಹೇಳಿದಷ್ಟೇ ಕೋನಕ್ಕೆ ತಿರುಗಿ ತಾನು ಎಲ್ಲಿದ್ದೇನೆಂಬುದನ್ನು ವರದಿ ಮಾಡುವ ಪುಟ್ಟ ಮೋಟಾರ್, ಎರಡು ಕೇಬಲ್‌ಗಳ ಮೂಲಕ ಈ ಬಿಲ್ಲೆಯನ್ನು ತೆರೆಯುತ್ತದೆ ಮತ್ತು ಮುಚ್ಚುತ್ತದೆ. ಯಮಹಾ ಕಂಪನಿ ‘ಎಕ್ಸಪ್’ ಎಂಬ ಹೆಸರಿನಲ್ಲಿ 1987ರ ಎಫ್‌ಜೆಡ್‌ಆರ್ 400ಆರ್ ಮತ್ತು 1989ರ ಎಫ್‌ಜೆಡ್‌ಆರ್ 1000 ಗಾಡಿಗಳಲ್ಲಿ ಬಳಕೆಗೆ ತಂದ ಈ ವ್ಯವಸ್ಥೆಯನ್ನು ಮುಂದೆ ಹೋಂಡಾ, ಸುಜುಕಿ, ಕವಾಸಾಕಿಗಳೂ ತಮ್ಮದೇ ರೂಪಗಳಲ್ಲಿ ಅಳವಡಿಸಿಕೊಂಡವು.

ಕವಾಟದ ಅಗತ್ಯವನ್ನು ಅರಿಯಲು ಹೊಗೆನಳಿಗೆಯೊಳಗಿನ ಅಲೆಗಳನ್ನು ಅರಿಯಬೇಕು. ಸಿಲಿಂಡರಿನ ನಿಷ್ಕಾಸ ದ್ವಾರ ತೆರೆದ ಕೂಡಲೇ ಒತ್ತಡದ ಒಂದು ಅಲೆ ನಳಿಗೆಯಲ್ಲಿ ಹೊರಡುತ್ತದೆ. ಕಾದ ಅನಿಲದಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. ನಳಿಗೆಯ ತೆರೆದ ತುದಿಯನ್ನು ಮುಟ್ಟಿದಾಗ ಅಲೆ ಹಿಂದಿರುಗುತ್ತದೆ, ಆದರೆ ಚಿಹ್ನೆ ಬದಲಿಸಿಕೊಂಡು, ಅಂದರೆ ಹೆಚ್ಚು ಒತ್ತಡದ ಅಲೆಯಾಗಿ ಹೋದದ್ದು ಕಡಿಮೆ ಒತ್ತಡದ ಅಲೆಯಾಗಿ ಮರಳುತ್ತದೆ. ಒಂದು ಮೀಟರ್ ಉದ್ದದ ನಳಿಗೆಯಲ್ಲಿ ಹೋಗಿಬರಲು 4 ಮಿಲಿಸೆಕೆಂಡ್ ಬೇಕು. ಎಂಜಿನ್ ನಿಮಿಷಕ್ಕೆ 10,000 ಸುತ್ತು ತಿರುಗುತ್ತಿದ್ದರೆ ಒಂದು ಸುತ್ತಿಗೆ 6 ಮಿಲಿಸೆಕೆಂಡ್ ಹಿಡಿಯುವುದರಿಂದ, ಅಷ್ಟರಲ್ಲಿ ಕ್ರ್ಯಾಂಕ್ 240 ಡಿಗ್ರಿ ತಿರುಗಿ, ಹೊಗೆಯ ದ್ವಾರವೂ ಹೊಸ ಗಾಳಿಯ ದ್ವಾರವೂ ಒಟ್ಟಿಗೆ ತೆರೆದಿರುವ ಕ್ಷಣಕ್ಕೆ ತಲುಪಿರುತ್ತದೆ. ಸರಿಯಾಗಿ ಆ ಹೊತ್ತಿಗೆ ಬಂದ ಕಡಿಮೆ ಒತ್ತಡದ ಅಲೆ ಉಳಿದ ಹೊಗೆಯನ್ನು ಸೆಳೆದುಕೊಂಡು, ಹೊಸ ಮಿಶ್ರಣ ಒಳಬರಲು ದಾರಿ ಮಾಡಿಕೊಡುತ್ತದೆ.

ಅದೇ ನಳಿಗೆ 5,000 ಸುತ್ತಿನ ವೇಗದಲ್ಲಿ ತೊಡಕಾಗುತ್ತದೆ. ಒಂದು ಸುತ್ತಿಗೆ ಈಗ 12 ಮಿಲಿಸೆಕೆಂಡ್ ಇರುವುದರಿಂದ ಮೊದಲ ಅಲೆ ಅವಧಿಗೆ ಮುನ್ನವೇ ಬಂದು, ಮತ್ತೊಮ್ಮೆ ಹೋಗಿ, ಎರಡನೆಯ ಸಲ ಚಿಹ್ನೆ ಬದಲಿಸಿಕೊಂಡು, 8ನೆಯ ಮಿಲಿಸೆಕೆಂಡಿಗೆ ಹೆಚ್ಚು ಒತ್ತಡದ ಅಲೆಯಾಗಿ ಸಿಲಿಂಡರನ್ನು ತಲುಪುತ್ತದೆ. ಆಗಲೂ ಕ್ರ್ಯಾಂಕ್ ತಿರುಗಿರುವುದು 240 ಡಿಗ್ರಿಯೇ. ಹೊರಹೋಗಬೇಕಾದ ಹೊಗೆ ಒಳಕ್ಕೇ ತಳ್ಳಲ್ಪಡುವುದರಿಂದ ಮಧ್ಯಮ ವೇಗದಲ್ಲಿ ಗಾಡಿಯ ಪಿಕಪ್ ಕುಸಿಯುತ್ತದೆ. ಆ ವೇಗದಲ್ಲಿ ಬಿಲ್ಲೆ ಅರ್ಧ ಮುಚ್ಚಿಕೊಂಡು ಹಿಂದಿರುಗುವ ಅಲೆಯನ್ನು ಒಡೆಯುತ್ತದೆ, ವೇಗ ಏರಿದಾಗ ಪೂರ್ತಿ ತೆರೆದುಕೊಂಡು ಅಲೆಗೆ ದಾರಿ ಬಿಡುತ್ತದೆ. ಒಂದೇ ಉದ್ದದ ನಳಿಗೆಯನ್ನು ಹಲವು ವೇಗಗಳಿಗೆ ಹೊಂದಿಸುವ ಈ ಉಪಾಯಕ್ಕೆ ಹೊರಗೆ ಕೇಳುವ ಸದ್ದನ್ನು ತಗ್ಗಿಸುವ ಗುಣವೂ ಇದೆ.

ಹೊಗೆಯ ಅಲೆಗಳ ಈ ವಿಜ್ಞಾನ ಕನ್ನಡ ನಾಡಿಗೆ ಅಪರಿಚಿತವಲ್ಲ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ ಮತ್ತು ಯೆಜ್ಡಿ ಗಾಡಿಗಳ ಟೂ ಸ್ಟ್ರೋಕ್ ಎಂಜಿನ್ನುಗಳಲ್ಲಿ, ಸಿಲಿಂಡರಿನಿಂದ ಜಾರಿಹೋಗುವ ಹೊಸ ಮಿಶ್ರಣವನ್ನು ತಡೆಯುವ ಕೆಲಸದಲ್ಲಿ ನಳಿಗೆ ಮತ್ತು ಸೈಲೆನ್ಸರಿನ ಆಕಾರಕ್ಕೆ ದೊಡ್ಡ ಪಾತ್ರವಿತ್ತು. ಆ ಕಾಲದ ಮೆಕ್ಯಾನಿಕ್‌ಗಳು ಸೈಲೆನ್ಸರ್ ಬಿಚ್ಚಿ ಕಾರ್ಬನ್ ಸುಟ್ಟು ತೆಗೆದೊಡನೆ ಗಾಡಿಯ ಓಟ ಸುಧಾರಿಸುತ್ತಿದ್ದುದನ್ನು ಕಂಡವರೇ ಆಗಿದ್ದರು. ಅಂದಿಗೂ ಇಂದಿಗೂ ಇರುವ ಅಂತರವೆಂದರೆ, ಇಂದು ನಳಿಗೆಯ ಸ್ಥಿತಿಯನ್ನು ಇಸಿಯು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಪುಟ್ಟ ಗಣಕ, ಸದಾ ಗಮನಿಸುತ್ತಿರುತ್ತದೆ.

ಸರ್ವೋದಿಂದ ಇಸಿಯುಗೆ ಸಾಮಾನ್ಯವಾಗಿ ಐದು ತಂತಿಗಳು ಹೋಗುತ್ತವೆ. ಎರಡು ಮೋಟಾರಿನವು, ಅವುಗಳ ಧನ–ಋಣ ಅದಲುಬದಲಾದರೆ ಮೋಟಾರ್ ತಿರುಗುವ ದಿಕ್ಕು ಬದಲಾಗುತ್ತದೆ. ಉಳಿದ ಮೂರು ಪೊಟೆನ್ಷಿಯೋಮೀಟರಿನವು, ಅಂದರೆ ರೇಡಿಯೋದ ವಾಲ್ಯೂಮ್ ಗುಂಡಿಯೊಳಗೆ ಇರುವಂಥ ಬದಲಾಗುವ ರೋಧಕದವು: ಒಂದರಲ್ಲಿ 5 ವೋಲ್ಟ್, ಇನ್ನೊಂದು ಗ್ರೌಂಡ್, ನಡುವಿನದು ಕವಾಟದ ಸ್ಥಾನಕ್ಕೆ ತಕ್ಕಂತೆ ಏರಿಳಿಯುವ ವೋಲ್ಟೇಜ್. ಕೀಲಿ ತಿರುಗಿಸಿದೊಡನೆ ಇಸಿಯು ಕವಾಟವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿಸಿ, ನಡುವಿನ ತಂತಿಯ ವೋಲ್ಟೇಜ್ ನಿರೀಕ್ಷೆಯಂತೆ ಚಲಿಸಿತೇ ಎಂದು ಪರೀಕ್ಷಿಸುತ್ತದೆ. ಚಲಿಸದಿದ್ದರೆ ದೋಷಸಂಕೇತವನ್ನು ದಾಖಲಿಸಿ ಎಚ್ಚರಿಕೆಯ ದೀಪವನ್ನು ಹೊತ್ತಿಸುತ್ತದೆ.

ಕವಾಟವಿಲ್ಲದ ಸೈಲೆನ್ಸರ್ ಹಾಕಿದಾಗ ಅಥವಾ ಸರ್ವೋ ಕೆಟ್ಟಾಗ ಇಸಿಯುವಿಗೆ ಉತ್ತರಿಸುವವರೇ ಇಲ್ಲವಾಗುತ್ತದೆ, ಮತ್ತು ಆ ಜಾಗದಲ್ಲಿ ಕೂರಿಸುವ ಬದಲಿ ವಿದ್ಯುನ್ಮಂಡಲವನ್ನೇ ಬೈಪಾಸ್ ಎನ್ನುತ್ತಾರೆ. ಎರಡು ಸ್ಥಿರ ರೋಧಕಗಳನ್ನು ಜೋಡಿಸಿ ನಡುವಿನ ತಂತಿಗೆ 2.5 ವೋಲ್ಟ್ ಕೊಟ್ಟರೆ ಸಾಕೆಂದು ಮೊದಲ ನೋಟಕ್ಕೆ ತೋರಬಹುದಾದರೂ, ತನ್ನ ಆಜ್ಞೆಯ ನಂತರವೂ ವೋಲ್ಟೇಜ್ ಅಲುಗದಿರುವುದನ್ನು ಇಸಿಯು ತಕ್ಷಣ ಗುರುತಿಸುತ್ತದೆ. ಆದ್ದರಿಂದ ಬೈಪಾಸ್ ಮಂಡಲ ನಿಜವಾದ ಮೋಟಾರಿನ ವರ್ತನೆಯನ್ನೇ ಗಣಿತದ ಮೂಲಕ ಅನುಕರಿಸಬೇಕು. ಮೋಟಾರಿನ ಸ್ಥಾನವೆಂದರೆ ಅದರ ವೇಗ ಕಾಲದೊಂದಿಗೆ ಕೂಡುತ್ತಾ ಬಂದ ಮೊತ್ತ. ಗಣಿತದಲ್ಲಿ ಇದಕ್ಕೆ ಅನುಕಲನ ಎನ್ನುತ್ತಾರೆ. ಮೋಟಾರ್ ತಂತಿಗಳಲ್ಲಿ ಧನ ವೋಲ್ಟೇಜ್ ಇರುವಷ್ಟು ಹೊತ್ತು ಏರುವ, ಋಣ ಇರುವಷ್ಟು ಹೊತ್ತು ಇಳಿಯುವ, ಎರಡೂ ಇಲ್ಲದಾಗ ನಿಲ್ಲುವ ಒಂದು ಎಣಿಕೆ ಇದ್ದರೆ ಆ ಅನುಕಲನ ಸಾಧ್ಯವಾಗುತ್ತದೆ.

ಎಂಟು ಕಾಲುಗಳ ಎಟಿಟೈನಿ 85ರಂತಹ ಅಗ್ಗದ ಮೈಕ್ರೋಕಂಟ್ರೋಲರ್ ಈ ಎಣಿಕೆಗೆ ಸಾಕು. ಗಾಡಿಯ ಚಾರ್ಜಿಂಗ್ ವೋಲ್ಟೇಜ್ 14.4ರವರೆಗೆ ಏರುವುದರಿಂದ, ಮೋಟಾರಿನ ಪ್ರತಿ ತಂತಿಗೂ 10 ಕಿಲೋಓಮ್ ಮತ್ತು 3.3 ಕಿಲೋಓಮ್ ರೋಧಕಗಳ ಜೋಡಿ ಇಟ್ಟರೆ ಚಿಪ್ಪಿಗೆ ತಲುಪುವುದು ಸುಮಾರು 3.6 ವೋಲ್ಟ್ ಮಾತ್ರ. ಆಕಸ್ಮಿಕ ಏರಿಕೆಗಳನ್ನು ತಡೆಯಲು 5.1 ವೋಲ್ಟಿನ ಜೀನರ್ ಡಯೋಡ್ ಬೇಕು. ಚಿಪ್ 0ಯಿಂದ 5 ವೋಲ್ಟಿನ ವ್ಯಾಪ್ತಿಯನ್ನು 256 ಮೆಟ್ಟಿಲುಗಳಾಗಿ ಕೊಡುವುದರಿಂದ ಒಂದು ಮೆಟ್ಟಿಲು ಸುಮಾರು 20 ಮಿಲಿವೋಲ್ಟ್. ಸುಸ್ಥಿತಿಯ ಸರ್ವೋ ಒಂದನ್ನು ಅಳೆದಾಗ ಅದರ ಎರಡು ತುದಿಗಳು 0.8 ಮತ್ತು 4.2 ವೋಲ್ಟ್ ಎಂದೂ, ಪೂರ್ತಿ ಚಲಿಸಲು 0.7 ಸೆಕೆಂಡ್ ಬೇಕೆಂದೂ ಕಂಡುಬಂದಿತೆಂದು ಭಾವಿಸಿದರೆ, ಸುಮಾರು 174 ಮೆಟ್ಟಿಲುಗಳನ್ನು 4 ಮಿಲಿಸೆಕೆಂಡಿಗೆ ಒಂದರಂತೆ ಏರಿಸಬೇಕಾಗುತ್ತದೆ. ಚಿಪ್ ನೇರವಾಗಿ ನಡುವಿನ ವೋಲ್ಟೇಜ್ ಕೊಡಲಾರದು. ಅದು ಸೆಕೆಂಡಿಗೆ 31,250 ಬಾರಿ ಆನ್–ಆಫ್ ಆಗುತ್ತಾ, ಆನ್ ಇರುವ ಪ್ರಮಾಣವನ್ನು ಬದಲಿಸುತ್ತದೆ. 10 ಕಿಲೋಓಮ್ ರೋಧಕ ಮತ್ತು 1 ಮೈಕ್ರೋಫ್ಯಾರಡ್ ಕೆಪಾಸಿಟರಿನ ಶೋಧಕ ಈ ಮಿಡಿತಗಳನ್ನು ಸಮನಾದ ವೋಲ್ಟೇಜಾಗಿಸುತ್ತದೆ, ಮತ್ತು ಅದರಾಚೆಯ ಆಪ್–ಆಂಪ್ ಆ ವೋಲ್ಟೇಜನ್ನು ಕುಗ್ಗಗೊಡದೆ ಇಸಿಯುಗೆ ತಲುಪಿಸುತ್ತದೆ. ಮೋಟಾರ್ ಇದೆಯೋ ಇಲ್ಲವೋ ಎಂದು ವಿದ್ಯುತ್ಪ್ರವಾಹದಿಂದ ಅರಿಯುವ ಇಸಿಯುಗಳಿಗಾಗಿ, ಮೋಟಾರ್ ತಂತಿಗಳ ನಡುವೆ 100 ಓಮ್‌ನ 5 ವ್ಯಾಟ್ ರೋಧಕವನ್ನು ಸೇರಿಸಬಹುದು, 14.4 ವೋಲ್ಟಿನಲ್ಲಿ ಅದು ಸುಮಾರು 2 ವ್ಯಾಟ್ ಶಾಖವನ್ನಷ್ಟೇ ಹೊರಸೂಸುತ್ತದೆ.

ಇಷ್ಟು ಮಾಡಿದ ಮೇಲೆ ಎಚ್ಚರಿಕೆಯ ದೀಪ ಆರುತ್ತದೆ, ಆದರೆ ಎಂಜಿನ್ನಿನ ವಾಸ್ತವ ಬದಲಾಗುವುದಿಲ್ಲ. ಇಸಿಯು ತನ್ನ ಇಂಧನದ ಲೆಕ್ಕವನ್ನು ಕವಾಟ ಚಲಿಸುತ್ತಿದೆಯೆಂಬ ನಂಬಿಕೆಯ ಮೇಲೆ ಮಾಡುತ್ತಲೇ ಇರುತ್ತದೆ. ಕವಾಟ ಮುಚ್ಚಿದ ಸ್ಥಿತಿಯಲ್ಲಿ ಜಾಮ್ ಆಗಿದ್ದರೆ ಹೊಗೆ ಕಟ್ಟಿಕೊಂಡು ಎಂಜಿನ್ ವಿಪರೀತ ಕಾಯುತ್ತದೆ, ತೆಗೆದುಹಾಕಿದ್ದರೆ ಮಧ್ಯಮ ವೇಗದ ಪಿಕಪ್ ಕುಸಿದು ಸದ್ದು ಹೆಚ್ಚುತ್ತದೆ. ಭಾರತದಲ್ಲಿ 175 ಸಿಸಿ ಮೀರಿದ ದ್ವಿಚಕ್ರ ವಾಹನಗಳಿಗೆ ತಯಾರಿಕೆಯ ಹಂತದ ಶಬ್ದಮಿತಿ 80 ಡೆಸಿಬಲ್. ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ತಯಾರಕರ ವಿವರಣೆಗೆ ವಿರುದ್ಧವಾದ ಮಾರ್ಪಾಡನ್ನು ನಿಷೇಧಿಸುತ್ತದೆ, ಮತ್ತು 2019ರ ತಿದ್ದುಪಡಿಯ ನಂತರ ಅಂತಹ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದು. ಆದ್ದರಿಂದ ಸಾರ್ವಜನಿಕ ರಸ್ತೆಯಲ್ಲಿ ಓಡುವ ಗಾಡಿಯೊಳಗೆ ಈ ಮಂಡಲವನ್ನು ಕಾಯಂ ಆಗಿ ಅಡಗಿಸಿಡುವುದು ದುರಸ್ತಿಯಾಗಲಾರದು.

ಅದರ ಯೋಗ್ಯ ಸ್ಥಾನ ಗ್ಯಾರೇಜಿನ ಮೇಜು. ಬೆಳಗಾವಿ ಜಿಲ್ಲೆಯ ಕೃಷ್ಣೆಯ ದಂಡೆಯ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ ತಾಲ್ಲೂಕುಗಳು 2019ರ ಆಗಸ್ಟ್‌ನಲ್ಲಿ ಕಂಡಂಥ ನೆರೆಯಲ್ಲಿ ನಿಂತ ಗಾಡಿಯಾದರೆ, ನೆಲಕ್ಕೆ ಹತ್ತಿರವಿರುವ ಕವಾಟದ ಅಕ್ಷಕ್ಕೂ ಕೇಬಲಿಗೂ ತುಕ್ಕು ಹಿಡಿಯುವುದು ಸಹಜ. ಅಂತಹ ಗಾಡಿಯಲ್ಲಿ ಎಚ್ಚರಿಕೆಯ ದೀಪ ಹೊತ್ತಿದಾಗ ಸರ್ವೋದ ಪ್ಲಗ್ ಬಿಚ್ಚಿ ಬೈಪಾಸ್ ಪೆಟ್ಟಿಗೆಯನ್ನು ಜೋಡಿಸಿ ನೋಡಬಹುದು: ದೋಷ ಮಾಯವಾದರೆ ತೊಂದರೆ ಸರ್ವೋ, ಕೇಬಲ್ ಅಥವಾ ಕವಾಟದಲ್ಲಿದೆ, ಉಳಿದರೆ ವೈರಿಂಗ್ ಅಥವಾ ಇಸಿಯುವಿನಲ್ಲಿದೆ. ಬೆಲೆಬಾಳುವ ಬಿಡಿಭಾಗವನ್ನು ಊಹೆಯ ಮೇಲೆ ಬದಲಿಸುವ ಬದಲು, ಕೇಬಲಿಗೆ ಎಣ್ಣೆ ಬಿಟ್ಟು ಅಕ್ಷದ ಕಾರ್ಬನ್ ತೆಗೆಯುವುದರಲ್ಲೇ ಅನೇಕ ದೋಷಗಳು ಮುಗಿಯಬಹುದು.

ಪುಣೆ–ಬೆಂಗಳೂರು ಹೆದ್ದಾರಿ ನಿಪ್ಪಾಣಿಯ ಮೂಲಕ ಹಾಯುವುದರಿಂದ ಆ ದಾರಿಯಲ್ಲಿ ದೊಡ್ಡ ಗಾಡಿಗಳು ಓಡಾಡುತ್ತವೆಯಾದರೂ, ಈ ಭಾಗದ ಗ್ಯಾರೇಜುಗಳಿಗೆ ನಿತ್ಯ ಬರುವುದು ನೂರು–ನೂರೈವತ್ತು ಸಿಸಿಯ ಗಾಡಿಗಳು, ಅವುಗಳಲ್ಲಿ ಇಂತಹ ಕವಾಟವಿಲ್ಲ. ಆದರೆ 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮ ಬಂದ ಮೇಲೆ ಆ ಸಣ್ಣ ಗಾಡಿಗಳಲ್ಲಿ ಹೆಚ್ಚಿನವಕ್ಕೂ ಇಂಧನ ಇಂಜೆಕ್ಷನ್, ಸೆನ್ಸರ್, ದೋಷಸಂಕೇತಗಳು ಬಂದಿವೆ, ಮತ್ತು ಆಜ್ಞೆ ಕೊಟ್ಟು ಉತ್ತರವನ್ನು ಪರೀಕ್ಷಿಸುವ ಕ್ರಮ ಅವುಗಳಲ್ಲೂ ನೆಲೆಯಾಗಿದೆ. ಚಿಕ್ಕೋಡಿ ಮತ್ತು ನಿಪ್ಪಾಣಿಯ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಅನುಕಲನ, ಶೋಧಕ, ಪ್ರತಿಪುಷ್ಟಿ (ಫೀಡ್‌ಬ್ಯಾಕ್) ಎಂಬ ಪಾಠಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕಾಣಿಸುವ ಶಕ್ತಿ ಈ ಮಂಡಲಕ್ಕಿದೆ. ಇಸಿಯುವಿಗೆ ಸರಿಯಾದ ಉತ್ತರ ಯಾವುದೆಂದು ಅರಿತ ಮೆಕ್ಯಾನಿಕ್ ಮಾತ್ರ ತಪ್ಪು ಉತ್ತರ ಎಲ್ಲಿಂದ ಬರುತ್ತಿದೆಯೆಂದು ಹುಡುಕಬಲ್ಲನಾದ್ದರಿಂದ, ಇದನ್ನು ಕೈಯಾರೆ ಕಟ್ಟಿ ನೋಡುವ ಶ್ರಮ ಸಾರ್ಥಕವಾದದ್ದು.