ಹಳೆಯ ಆಟದ ಪೆಟ್ಟು ಮತ್ತು ಮೊಣಕಾಲಿನ ಶಸ್ತ್ರಕ್ರಿಯೆ

ಹೈದರಾಬಾದಿನ ಪಶ್ಚಿಮ ಭಾಗದಲ್ಲಿರುವ ಗಚ್ಚಿಬೌಲಿಯನ್ನು ನಮ್ಮ ವಾಚಕರಲ್ಲಿ ಅನೇಕರು ಅಲ್ಲಿಯ ದೊಡ್ಡ ದೊಡ್ಡ ಕಂಪೆನಿಗಳ ಕಟ್ಟಡಗಳಿಂದಲೂ, ಅವುಗಳ ಸುತ್ತ ತಲೆಯೆತ್ತಿರುವ ತಿಂಡಿ-ಕಾಫಿಯ ಹೋಟೆಲುಗಳಿಂದಲೂ ಬಲ್ಲರು. ಆಟಗಾರರ ಲೋಕವು ಮಾತ್ರ ಅದನ್ನು ಬೇರೊಂದು ಕಾರಣದಿಂದ ಬಲ್ಲುದು. ಪುಲ್ಲೇಲ ಗೋಪಿಚಂದರು 2008ರಲ್ಲಿ ತಮ್ಮ ಬ್ಯಾಡ್ಮಿಂಟನ್ ಶಾಲೆಯನ್ನು ತೆರೆದುದು ಅಲ್ಲಿಯೇ.

ಗೋಪಿಚಂದರ ಮೊಣಕಾಲಿನ ಕಥೆ ನಮ್ಮವರು ತಿಳಿದಿರಬೇಕಾದುದು. 1994ರಲ್ಲಿ ಜೋಡಿ ಪಂದ್ಯವೊಂದನ್ನು ಆಡುತ್ತಿರುವಾಗಲೇ ಅವರ ಮೊಣಕಾಲಿನೊಳಗಿನ ಲಿಗಮೆಂಟುಗಳು, ಅಂದರೆ ಎಲುಬಿಗೆ ಎಲುಬನ್ನು ಬಿಗಿದಿಡುವ ಕಟ್ಟುಗಳು, ಹರಿದುಹೋದವು. ಶಸ್ತ್ರಕ್ರಿಯೆಗಳಾದವು, ತಿಂಗಳುಗಟ್ಟಲೆ ಕಾಲಿನ ವ್ಯಾಯಾಮ ನಡೆಯಿತು. ನಮ್ಮ ಪ್ರಕಾಶ್ ಪಡುಕೋಣೆಯವರ ಬೆಂಗಳೂರಿನ ಶಾಲೆಯಲ್ಲಿಯೂ ಅವರು ಪಳಗಿದರು. 2001ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದಾಗ, 1980ರಲ್ಲಿ ಪ್ರಕಾಶರು ಗೆದ್ದ ತರುವಾಯ ಅದನ್ನು ಪಡೆದ ಮೊದಲ ಭಾರತೀಯರೆನಿಸಿದರು. ಅದೇ ಗೋಪಿಚಂದರ ಬಳಿ ಬೆಳೆದು 2012ರಲ್ಲಿ ಒಲಿಂಪಿಕ್ ಕಂಚನ್ನು ತಂದ ಸೈನಾ ನೆಹ್ವಾಲರು 2016ರಲ್ಲಿ ಮೊಣಕಾಲಿಗೆ ಶಸ್ತ್ರಕ್ರಿಯೆ ಮಾಡಿಸಿಕೊಂಡರು. ಮೊಣಕಾಲಿನ ಮೃದ್ವಸ್ಥಿ ಸವೆದು ಸಂಧಿವಾತ ತಗುಲಿದೆಯೆಂದು 2024ರಲ್ಲಿ ಅವರೇ ಬಹಿರಂಗವಾಗಿ ಹೇಳಿದರು. ಆಗ ಅವರಿಗೆ ಇನ್ನೂ ಮೂವತ್ತೈದು ತುಂಬಿರಲಿಲ್ಲ.

ಒಲಿಂಪಿಕ್ ಆಟಗಾರರಿಗೆ ಪೆಟ್ಟಾದ ದಿನವೇ ವೈದ್ಯರು ಓಡಿಬರುತ್ತಾರೆ. ಊರಿನ ಗದ್ದೆಯಲ್ಲಿ ಕಬಡ್ಡಿ, ಶಾಲೆಯಂಗಳದಲ್ಲಿ ವಾಲಿಬಾಲು ಆಡಿ ಬೆಳೆದ ನಮ್ಮ ಹುಡುಗರಿಗೆ ಯಾರಿದ್ದಾರೆ? ಇಪ್ಪತ್ತರ ಹರೆಯದಲ್ಲಿ ಮೊಣಕಾಲು 'ಟಕ್' ಎಂದಿತು, ಊದಿತು. ಉಳುಕು ತೆಗೆಯುವವರು ಎಣ್ಣೆ ತಿಕ್ಕಿ ಪಟ್ಟಿ ಕಟ್ಟಿದರು. ಹದಿನೈದು ದಿನದಲ್ಲಿ ಊತ ಇಳಿಯಿತು, ಹುಡುಗ ಬಸ್ಸು ಹತ್ತಿ ಹೋಟೆಲಿನ ಕೆಲಸಕ್ಕೆ ಬಂದ. ಇಳಿದದ್ದು ಊತವೇ ಹೊರತು, ಹರಿದ ಕಟ್ಟು ಕೂಡಿರಲಿಲ್ಲ. ಅನಂತರ ಇಪ್ಪತ್ತೈದು ವರುಷ ದಿನಕ್ಕೆ ಹತ್ತು-ಹನ್ನೆರಡು ಗಂಟೆ ನಿಂತೇ ಇರುವ ಕೆಲಸ, ಕೈಯಲ್ಲಿ ತಟ್ಟೆ ಹಿಡಿದು ಮಹಡಿ ಹತ್ತಿ ಇಳಿಯುವುದು. ಮೆಟ್ಟಿಲಿಳಿಯುವಾಗ ಮೊಣಕಾಲಿನ ಮೇಲೆ ದೇಹದ ಭಾರದ ಸುಮಾರು ಮೂರರಷ್ಟು ಒತ್ತಡ ಬೀಳುವುದೆಂದು ವೈದ್ಯರು ಲೆಕ್ಕ ಹಾಕಿದ್ದಾರೆ. ಐವತ್ತು ತುಂಬುವ ಮುನ್ನವೇ ಗೋಡೆ ಹಿಡಿದು ನಡೆಯುವ ಸಪ್ಲೈಯರುಗಳನ್ನು ನಾವು ಕಂಡಿದ್ದೇವೆ. 'ವಯಸ್ಸಾಯಿತು' ಎನ್ನುತ್ತಾರೆ. ಅದು ವಯಸ್ಸಲ್ಲ, ಹಳೆಯ ಪೆಟ್ಟು.

ಈ ಸಂಬಂಧ ಹೊಸದಾಗಿ ತಿಳಿದದ್ದೇನೂ ಅಲ್ಲ. ಮೊಣಕಾಲಿನ ಎರಡು ಎಲುಬುಗಳ ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿರುತ್ತವೆ. ಆಟದಲ್ಲಿ ಅವು ಹರಿದರೆ ಹಿಂದೆಲ್ಲ ಪೂರ್ತಿಯಾಗಿ ತೆಗೆದುಬಿಡುತ್ತಿದ್ದರು. ಹಾಗೆ ತೆಗೆದ ಮೊಣಕಾಲುಗಳು ಬೇಗ ಸವೆಯುತ್ತವೆಂಬುದಕ್ಕೆ ಎಕ್ಸ್-ರೇ ಚಿತ್ರಗಳಲ್ಲಿ ಗುರುತುಗಳನ್ನು ಇಂಗ್ಲೆಂಡಿನ ಫೇರ್‌ಬ್ಯಾಂಕ್ ಎಂಬ ವೈದ್ಯರು 1948ರಲ್ಲಿಯೇ ತೋರಿಸಿಕೊಟ್ಟರು. ಈಗ ಸಾಧ್ಯವಾದಷ್ಟೂ ಅದನ್ನು ಹೊಲಿದು ಉಳಿಸುತ್ತಾರೆ. ನಡುವಿನ ಲಿಗಮೆಂಟು ಹರಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹತ್ತರಿಂದ ಇಪ್ಪತ್ತು ವರ್ಷಗಳೊಳಗೆ ಸವೆತ ಕಾಣಿಸುತ್ತದೆ. ಲಿಗಮೆಂಟನ್ನು ಮತ್ತೆ ಜೋಡಿಸಿದರೂ ಈ ಭಯ ಪೂರ್ತಿ ತಪ್ಪದು. ಆದರೆ ಕಾಲು ಜಾರಿ ಜಾರಿ ಮೆತ್ತೆಗೆ ಪೆಟ್ಟಾಗುವುದು ತಪ್ಪುತ್ತದೆ.

ಸವೆತವು ಕೊನೆಯ ಹಂತ ಮುಟ್ಟಿದಾಗ ಬರುವ ಮಾತು ಕೀಲು ಬದಲಾವಣೆಯ ಶಸ್ತ್ರಕ್ರಿಯೆ. ನಮ್ಮ ಜನ ಇದನ್ನು ಚೆನ್ನಾಗಿ ಅರಿತುಕೊಂಡದ್ದು ಪ್ರಧಾನಿ ವಾಜಪೇಯಿಯವರ ದೆಸೆಯಿಂದ. 2000ದಲ್ಲಿ ಅವರ ಎಡ ಮೊಣಕಾಲಿಗೂ 2001ರಲ್ಲಿ ಬಲ ಮೊಣಕಾಲಿಗೂ ಮುಂಬಯಿಯಲ್ಲಿ ಈ ಶಸ್ತ್ರಕ್ರಿಯೆ ಮಾಡಿದವರು ಡಾ. ಚಿತ್ತರಂಜನ ರಾಣಾವತರು. ಇಂದು ಜಗತ್ತೆಲ್ಲ ಬಳಸುವ ಕೃತಕ ಕೀಲಿನ ಮೂಲ ಮಾದರಿಯನ್ನು 1970ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ರೂಪಿಸಿದವರ ಪೈಕಿ ಅವರೂ ಒಬ್ಬರು. ಇಡೀ ಮೊಣಕಾಲನ್ನು ಕತ್ತರಿಸಿ ತೆಗೆಯುತ್ತಾರೆಂಬ ಭಯ ನಮ್ಮವರಲ್ಲಿದೆ. ಹಾಗಲ್ಲ. ತೊಡೆಯೆಲುಬಿನ ಕೆಳತುದಿಯ ಮತ್ತು ಕಣಕಾಲೆಲುಬಿನ ಮೇಲ್ತುದಿಯ ಸವೆದ ಪದರವನ್ನಷ್ಟೇ ತೆಳುವಾಗಿ ಕೊಯ್ದು ಲೋಹದ ಹೊದಿಕೆ ಕೂರಿಸುತ್ತಾರೆ. ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆಯಿರುತ್ತದೆ. ಸವೆದ ಹಲ್ಲಿಗೆ ಟೋಪಿ ಹಾಕಿದಂತೆ ಎಂದರೂ ನಡೆದೀತು.

ಹಳೆಯ ಪೆಟ್ಟಿನವರಿಗೆ ಇಲ್ಲೊಂದು ಇಕ್ಕಟ್ಟು. ಮುಪ್ಪಿನಿಂದ ಸವೆದವರು ಅರುವತ್ತೈದು-ಎಪ್ಪತ್ತರಲ್ಲಿ ಬರುತ್ತಾರೆ. ಇವರು ಹತ್ತು-ಹದಿನೈದು ವರುಷ ಮೊದಲೇ ಬರುತ್ತಾರೆ. 2019ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಲೆಕ್ಕದ ಮೇರೆಗೆ ನೂರರಲ್ಲಿ ಸುಮಾರು 82 ಕೃತಕ ಕೀಲುಗಳು 25 ವರ್ಷ ಬಾಳುತ್ತವೆ. ಎಪ್ಪತ್ತರವರಿಗೆ ಅಷ್ಟು ಸಾಕು. ಐವತ್ತರಲ್ಲಿ ಹಾಕಿಸಿಕೊಂಡವರಿಗೆ ಎರಡನೆಯ ಸಲದ ಶಸ್ತ್ರಕ್ರಿಯೆ ಬೇಕಾಗುವ ಸಂಭವ ಹೆಚ್ಚು, ಮತ್ತು ಎರಡನೆಯದು ಮೊದಲಿನದಕ್ಕಿಂತ ಕಠಿಣ. ಆದಕಾರಣ ತೊಡೆಯ ಸ್ನಾಯುಗಳಿಗೆ ವ್ಯಾಯಾಮ, ತೂಕ ಇಳಿಸುವುದು, ಬಾಗಿದ ಕಾಲಿನ ಎಲುಬನ್ನು ಕೊಯ್ದು ನೇರಗೊಳಿಸುವುದು, ಇವುಗಳನ್ನೆಲ್ಲ ಮೊದಲು ನೋಡುವ ವೈದ್ಯರನ್ನು 'ಧೈರ್ಯವಿಲ್ಲದವರು' ಎಂದು ನಮ್ಮವರು ಬಿಟ್ಟುಬರಬಾರದು. ಹಾಗೆಂದು ರಾತ್ರಿ ನಿದ್ರೆಯೂ ಬಾರದೆ ಕಾಲು ಸೊಟ್ಟಗಾಗುವವರೆಗೆ ಕಾಯುವುದೂ ಸಲ್ಲದು. ಸೊಟ್ಟ ಹೆಚ್ಚಿದಷ್ಟೂ ಕೆಲಸ ಜಟಿಲವಾಗುತ್ತದೆ.

ಮತ್ತೊಂದು ಮುಖ್ಯ ಸಂಗತಿ. ಹಿಂದೆ ಲಿಗಮೆಂಟಿನ ಶಸ್ತ್ರಕ್ರಿಯೆ ಆಗಿದ್ದರೆ ಎಲುಬಿನೊಳಗೆ ತಿರುಪುಗಳು ಉಳಿದಿರುತ್ತವೆ. ಹೊಸ ಕೀಲಿಗೆ ಅಡ್ಡಬರುವವುಗಳನ್ನು ತೆಗೆಯಬೇಕಾಗುತ್ತದೆ. ಹಳೆಯ ಗಾಯದ ಅಂಗಾಂಶದಿಂದ ಕೀಲು ಬಿಗಿದಿರುತ್ತದೆ, ಸೋಂಕಿನ ಭಯವೂ ತುಸು ಹೆಚ್ಚು. ಹಳೆಯ ಕಾಗದಪತ್ರ, ಎಕ್ಸ್-ರೇ ಏನಿದ್ದರೂ ಊರಿನ ಪೆಟ್ಟಿಗೆಯಿಂದ ತರಿಸಿಕೊಳ್ಳಿರಿ. ಕಾಗದವಿಲ್ಲದಿದ್ದರೆ ಯಾವ ವರ್ಷ, ಯಾವ ಕಾಲು, ಹೇಗೆ ತಿರುಚಿತು, ಆಮೇಲೆ ಎಷ್ಟು ಸಲ ಕೈಕೊಟ್ಟಿತು ಎಂಬುದನ್ನಾದರೂ ವೈದ್ಯರಿಗೆ ಬಾಯಲ್ಲಿ ಹೇಳಿರಿ. ಕಬಡ್ಡಿ ಆಡಿದ್ದನ್ನು ಹೇಳಲು ನಾಚಿಕೆಯೇಕೆ?

ಶಸ್ತ್ರಕ್ರಿಯೆಯಾದ ಮರುದಿನವೇ ನಡೆಸಲು ಆರಂಭಿಸುತ್ತಾರೆ. ಗುಮಾಸ್ತರು ಆರು ವಾರಗಳಲ್ಲಿ ಮೇಜಿಗೆ ಮರಳಬಹುದು. ನಿಂತು ದುಡಿಯುವವರಿಗೆ ಮೂರು ತಿಂಗಳಾದರೂ ಬೇಕು. ನಡಿಗೆ, ಈಜು, ಸೈಕಲ್ಲು ಆದೀತು. ಓಟ, ಕಬಡ್ಡಿ ಆಗದು. ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ತರಕಾರಿ ಹೆಚ್ಚುವುದು, ಕುಕ್ಕರಗಾಲಿನಲ್ಲಿ ಕೂರುವುದು ಅನೇಕರಿಗೆ ಮೊದಲಿನಂತೆ ಒದಗದು. ಅಡುಗೆಮನೆಯವರು ಇದನ್ನು ಮೊದಲೇ ಯಜಮಾನರೊಡನೆ ಮಾತಾಡಿಕೊಳ್ಳುವುದು ಒಳಿತು.

ಇನ್ನು ದುಡ್ಡಿನ ಮಾತು. 2017ರ ಆಗಸ್ಟಿನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರವು ಸಾಮಾನ್ಯವಾಗಿ ಬಳಸುವ ಕೃತಕ ಕೀಲಿನ ಬೆಲೆಗೆ ಮಿತಿ ಹಾಕಿತು. ಅದುವರೆಗೆ ಒಂದೂವರೆ ಲಕ್ಷ ದಾಟಿದ್ದುದು ತೆರಿಗೆ ಬಿಟ್ಟು 54,720 ರೂಪಾಯಿಗೆ ಇಳಿಯಿತು. ಕೋಣೆಯ ಬಾಡಿಗೆ, ವೈದ್ಯರ ಶುಲ್ಕ ಇದರಲ್ಲಿ ಸೇರಿಲ್ಲ. ಅಷ್ಟನ್ನು ಹೊಂದಿಸಲು ಊರಿನ ಗದ್ದೆ ಅಡವಿಡುವ ಮುನ್ನ ಕಾರ್ಮಿಕರ ರಾಜ್ಯ ವಿಮೆಯನ್ನು, ಅಂದರೆ ಇ.ಎಸ್.ಐ.ಯನ್ನು, ವಿಚಾರಿಸಿರಿ. ಹತ್ತು ಮಂದಿ ಅಥವಾ ಹೆಚ್ಚು ದುಡಿಯುವ ಹೋಟೆಲುಗಳಿಗೆ ಇದು ಅನ್ವಯಿಸುತ್ತದೆ. 2017ರಲ್ಲಿ ಸಂಬಳದ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. 2019ರಿಂದ ಕೆಲಸಗಾರನ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ, ಯಜಮಾನರದು ಮೂರೂಕಾಲು. ನಿಯಮದಂತೆ ವಂತಿಗೆ ಸಂದಿದ್ದರೆ ರಜೆಯ ಕಾಲದಲ್ಲಿ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ನೂರಕ್ಕೆ 70ರಷ್ಟು ಸಿಗುತ್ತದೆ. ನಿಂತು ದುಡಿಯುವವರಿಗೆ ಬೇಕಾದ ಆ ಮೂರು ತಿಂಗಳಿಗೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ. ಹೈದರಾಬಾದಿನಲ್ಲಿ ಇ.ಎಸ್.ಐ.ಯ ದೊಡ್ಡ ಆಸ್ಪತ್ರೆ ಸನತ್‌ನಗರದಲ್ಲಿದೆ.

ಎಷ್ಟೋ ಹೋಟೆಲುಗಳಲ್ಲಿ ಕೆಲಸಗಾರರ ಹೆಸರನ್ನು ಇನ್ನೂ ದಾಖಲೆಗೆ ಸೇರಿಸಿಲ್ಲವೆಂಬ ದೂರು ನಮಗೆ ಆಗಾಗ ಬರುತ್ತಿದೆ. ಯಜಮಾನರೂ ಬಹುತೇಕ ನಮ್ಮ ಊರಿನವರೇ, ಒಂದು ಕಾಲದಲ್ಲಿ ತಟ್ಟೆ ಎತ್ತಿದವರೇ. ಈ ತಿಂಗಳ ಸಂಬಳ ಪಡೆಯುವಾಗ ಗಲ್ಲಾದ ಮುಂದೆ ನಿಂತು ತಮ್ಮ ವಿಮೆಯ ನಂಬರು ಯಾವುದೆಂದು ಪ್ರತಿಯೊಬ್ಬರೂ ಒಮ್ಮೆ ಕೇಳಿ ಬರೆದಿಟ್ಟುಕೊಳ್ಳಲಿ.