ಪಂಪಿನೊಳಗೆ ಜಲ್ಲಿಕಲ್ಲಿನ ಸದ್ದು

ಹೂಮಳೆ ಕೈಕೊಟ್ಟ ವರ್ಷ ಕಾಫಿಗೆ ಸ್ಪ್ರಿಂಕ್ಲರ್ ನೀರೇ ಗತಿ. ಕೆರೆ ತಳ ಕಾಣುವುದೂ ಆಗಲೇ. ಅಂಥದೊಂದು ಮಾರ್ಚಿನಲ್ಲಿ ನಮ್ಮ ಡೀಸೆಲ್ ಪಂಪು ಹೊಟ್ಟೆಯಲ್ಲಿ ಜಲ್ಲಿಕಲ್ಲು ತುಂಬಿಕೊಂಡಂತೆ ಗರಗರ ಎಂದಿತು. ನೀರು ಕುಗ್ಗಿತೆಂದು ಇಂಜಿನ್ನಿನ ವೇಗ ಏರಿಸಿದೆವು. ಅದೇ ತಪ್ಪಾಯಿತು. ಬಿಚ್ಚಿ ನೋಡಿದರೆ ಬೇರಿಂಗ್ ಸರಿಯಿತ್ತು. ಇಂಪೆಲ್ಲರಿನ ರೆಕ್ಕೆಗಳನ್ನು ಗೆದ್ದಲು ತಿಂದಂತಿತ್ತು.

ನಿಜವಾಗಿ ನೀರನ್ನು ಪಂಪಿಗೆ ನೂಕುವುದು ಹೊರಗಿನ ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ ಅದು ಸುಮಾರು 10.3 ಮೀಟರ್ ನೀರಿಗೆ ಸಮ. 1000 ಮೀಟರ್ ಎತ್ತರದ ತೋಟದಲ್ಲಿ 9.2ರಷ್ಟೇ. ಕೆರೆಯ ಆಳ, ಫುಟ್‌ವಾಲ್ವ್, ಬೆಂಡು ಎಲ್ಲವೂ ಅದರಲ್ಲೇ ಪಾಲು ಕೇಳುತ್ತವೆ. ಉಳಿದದ್ದು ಸಾಲದಾದಾಗ ಇಂಪೆಲ್ಲರಿನ ಬಾಯಲ್ಲಿ ತಣ್ಣೀರೇ ಕುದಿದು ಆವಿಯ ಗುಳ್ಳೆಗಳೇಳುತ್ತವೆ. ಒತ್ತಡ ಏರಿದಲ್ಲಿ ಅವು ಕುಸಿದು ಲೋಹವನ್ನು ಕೊರೆಯುತ್ತವೆ. ವೇಗ ಹೆಚ್ಚಿದಷ್ಟೂ ಕಾಟ ಹೆಚ್ಚು. (1999ರ ನವೆಂಬರಿನಲ್ಲಿ ಜಪಾನಿನ ಎಚ್-2 ರಾಕೆಟ್ಟಿನ ಇಂಜಿನ್ ನಡುದಾರಿಯಲ್ಲಿ ನಿಂತದ್ದು ಹೈಡ್ರೋಜನ್ ಪಂಪಿನ ರೆಕ್ಕೆ ಮುರಿದು, ಅಲ್ಲಿಯೂ ಗುಳ್ಳೆಗಳ ಕೈವಾಡವಿತ್ತು.)

ಈಗ ಕೆರೆ ಇಳಿದಂತೆ ನಾವು ಪಂಪನ್ನೂ ಇಳಿಸುತ್ತೇವೆ. ನೀರಿನಿಂದ 4 ಮೀಟರಿಗಿಂತ ಮೇಲಿಡುವುದಿಲ್ಲ. ಸಕ್ಷನ್ ಪೈಪು ದಪ್ಪ, ಗಿಡ್ಡ, ಬೆಂಡು ಒಂದೇ. ಫುಟ್‌ವಾಲ್ವಿನ ಜಾಲರಿಯ ಎಲೆ, ಪಾಚಿಯನ್ನು ದಿನವೂ ತೆಗೆಯುತ್ತೇವೆ. ಸದ್ದು ಕೇಳಿದರೆ ಇಂಜಿನ್ನಿನ ವೇಗ ತಗ್ಗಿಸಿ, ಇಲ್ಲವೇ ಡೆಲಿವರಿ ವಾಲ್ವನ್ನು ತುಸು ಮುಚ್ಚಿ. ಸಕ್ಷನ್ ಕಡೆಯದನ್ನು ಮಾತ್ರ ಮುಟ್ಟಬೇಡಿ.