ಕಡತಗಳ ನಾಮಕರಣ ಮತ್ತು ಪುನರ್ನಾಮಕರಣ

ಬುಕ್ಕ, ಅಂಬುಧಿ ಎಂಬೆರಡು ಪದಗಳು ಸವರ್ಣದೀರ್ಘಸಂಧಿಯಿಂದ ಕೂಡಿ ಬುಕ್ಕಾಂಬುಧಿ ಎಂಬ ಗ್ರಾಮನಾಮ ಸಿದ್ಧಿಸುತ್ತದೆ. ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಈ ಗ್ರಾಮವು ಈಗ ಅಜ್ಜಂಪುರ ತಾಲ್ಲೂಕಿನಲ್ಲಿದೆ. ಜಿಲ್ಲೆಗೂ 1947ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರಿದ್ದಿತು. ಊರು ಒಂದೇ ಆಗಿದ್ದರೂ ಅದರ ವಿಳಾಸವು ಹೀಗೆ ಬದಲಾಗಿರುವುದರಿಂದ, ಹಳೆಯ ಭಾವಚಿತ್ರಗಳನ್ನೂ ದಾಖಲಾತಿ ಪುಸ್ತಕಗಳನ್ನೂ ಗಣಕಯಂತ್ರದಲ್ಲಿ ಸಂಗ್ರಹಿಸುವ ಶಾಲೆಗಳು ಕಡತಗಳ ಹೆಸರಿನ ವಿಷಯದಲ್ಲಿ ಎಚ್ಚರ ವಹಿಸುವುದು ಅವಶ್ಯ.

ಸ್ಕ್ಯಾನರು, ಕ್ಯಾಮೆರಾಗಳು ತಾವಾಗಿ ಕೊಡುವ ಹೆಸರು ಬಹುಮಟ್ಟಿಗೆ ಬರಿಯ ಅಂಕಿಗಳ ಸಾಲು. ಚಿತ್ರದಲ್ಲಿರುವವರನ್ನು ಗುರುತಿಸಬಲ್ಲ ಹಿರಿಯರು ಇರುವಾಗಲೇ ಅರ್ಥವತ್ತಾದ ಹೆಸರನ್ನಿಡದಿದ್ದಲ್ಲಿ, ಚಿತ್ರ ಉಳಿದರೂ ಅದರ ಪರಿಚಯ ಅಳಿಯುತ್ತದೆ.

ವಿಂಡೋಸ್‌ನ ಫೈಲ್ ಎಕ್ಸ್‌ಪ್ಲೋರರಿನಲ್ಲಿ ಹಲವು ಕಡತಗಳನ್ನು ಒಟ್ಟಿಗೆ ಆಯ್ದು, ಎಫ್2 ಕೀಲಿಯನ್ನೊತ್ತಿ ಒಂದು ಹೆಸರು ಕೊಟ್ಟರೆ, ಎಲ್ಲಕ್ಕೂ ಅದೇ ಹೆಸರು ಬಂದು ಕಂಸದೊಳಗೆ 1, 2, 3 ಎಂಬ ಸಂಖ್ಯೆಗಳು ಸೇರುತ್ತವೆ. ಲಿನಕ್ಸ್‌ನ ಥುನಾರ್ ತಂತ್ರಾಂಶದಲ್ಲಿ ಆಯ್ಕೆಗಳು ಇನ್ನೂ ವಿಸ್ತಾರವಾಗಿವೆ. ದಿನಾಂಕ ಸೇರಿಸುವುದು, ಕ್ರಮಸಂಖ್ಯೆ ಕೊಡುವುದು, ಒಂದು ಪದದ ಬದಲು ಮತ್ತೊಂದನ್ನು ಇಡುವುದು ಇವೆಲ್ಲವೂ ಸಾಧ್ಯ. ಹಳೆಯ ಹೆಸರಿನ ಪಕ್ಕದಲ್ಲಿಯೇ ಹೊಸದು ಮುಂಚಿತವಾಗಿ ಕಾಣುತ್ತದೆ. ಬದಲಾವಣೆಯು ಹೆಸರಿಗೆ ಮಾತ್ರ ಅನ್ವಯಿಸಲೆಂದು ಗೊತ್ತುಪಡಿಸಿದರೆ, ಕಡತದ ಜಾತಿಯನ್ನು ಸೂಚಿಸುವ ಕೊನೆಯ ಭಾಗ ಕೆಡುವುದಿಲ್ಲ.

ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 1978-08-15 ಎಂಬಂತೆ ಬರೆದರೆ ಕಡತಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ರೂಢಿಯ ಓರೆಗೆರೆಯನ್ನು ಹೆಸರಿನಲ್ಲಿ ಬಳಸಲಾಗದು. ಕ್ರಮಸಂಖ್ಯೆಯನ್ನು 001, 002 ಎಂದು ಸೊನ್ನೆ ಸಹಿತ ಇಡಬೇಕು. ಇಲ್ಲವಾದರೆ ಕೆಲವು ತಂತ್ರಾಂಶಗಳಲ್ಲಿ 2ಕ್ಕಿಂತ ಮೊದಲೇ 10 ಬಂದು ಕೂರುತ್ತದೆ.

ಯೂನಿಕೋಡ್ ಇರುವುದರಿಂದ ಹೆಸರನ್ನು ಕನ್ನಡದಲ್ಲಿಯೇ ಇಡಬಹುದು. ರೋಮನ್ ಲಿಪಿಯಲ್ಲಾದರೆ ಬುಕ್ಕಾಂಬುಧಿಯ ಮಹಾಪ್ರಾಣವನ್ನು ಒಬ್ಬರು ಬರೆದು ಇನ್ನೊಬ್ಬರು ಬಿಟ್ಟಾಗ, ಹುಡುಕಿದರೂ ಕಡತ ಸಿಗದೆ ಹೋಗಬಹುದು. ಆದರೆ ಲಿನಕ್ಸ್‌ನ ಎಕ್ಸ್ಟ್4 ವ್ಯವಸ್ಥೆಯಲ್ಲಿ ಹೆಸರಿನ ಮಿತಿ 255 ಬೈಟುಗಳು. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕು. 'ಕ್ಷ' ಎಂಬುದರಲ್ಲಿ ಕಕಾರ, ವಿರಾಮಚಿಹ್ನೆ, ಷಕಾರಗಳು ಸೇರಿ 9 ಬೈಟುಗಳಾಗುತ್ತವೆ. ಆದುದರಿಂದ ಹೆಸರು ಚಿಕ್ಕದಾಗಿರುವುದು ಮೇಲು.

ಹೆಸರಿನಲ್ಲಿ ವರ್ಷ, ಗ್ರಾಮ, ಸಂದರ್ಭ, ಕ್ರಮಸಂಖ್ಯೆಗಳಿದ್ದರೆ ಸಾಕು. ಬದಲಾಗಬಲ್ಲ ತಾಲ್ಲೂಕು, ಜಿಲ್ಲೆಗಳನ್ನೂ, ಚಿತ್ರದಲ್ಲಿರುವವರ ವಿವರಗಳನ್ನೂ ಪ್ರತ್ಯೇಕ ಪಟ್ಟಿಯಲ್ಲಿ ಬರೆದಿಡಬೇಕು. ಪುನರ್ನಾಮಕರಣಕ್ಕೆ ಮೊದಲು ಎಲ್ಲ ಕಡತಗಳ ಪ್ರತಿಯನ್ನು ಬೇರೆಡೆ ಇರಿಸಿ, ಹಳೆಯ ಹೆಸರು ಯಾವುದು, ಹೊಸದು ಯಾವುದು ಎಂಬುದನ್ನೂ ಅದೇ ಪಟ್ಟಿಯಲ್ಲಿ ನಮೂದಿಸಿದರೆ, ಮುಂದೆ ಬರುವ ಅಧ್ಯಾಪಕರು ಯಾವ ಗೊಂದಲವೂ ಇಲ್ಲದೆ ಆ ಕಾರ್ಯವನ್ನು ಮುಂದುವರಿಸಬಹುದು.